ಕತ್ತಲೆಕೋಣೆಯ ವಿದ್ಯೆ

ಪ್ರಶ್ನೆ: ಕಾಸರಗೋಡು ಬಳಿಯ ಕುಂಬಳೆಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ನನ್ನ ತಂದೆಯವರಿಗೆ ಈಗ ವಯಸ್ಸಾಗಿದೆ. ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಅವರ ಎನ್‌ಲಾರ್ಜರ್, ಟ್ರೇಗಳು ಹಾಗೂ ಕಪ್ಪು-ಬಿಳುಪು ನೆಗೆಟಿವ್‌ಗಳು ಮನೆಯಲ್ಲಿವೆ. ಆ ಕೆಲಸವನ್ನು ಕಲಿತು ಇತರರಿಗೂ ಕಲಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ನೆಗೆಟಿವ್‌ಗಳನ್ನು ಉಳಿಸಿಕೊಳ್ಳಿ, ಏಕೆಂದರೆ ಕರಾವಳಿಯ ಮಳೆಗಾಲದ ತೇವದಲ್ಲಿ ಅವುಗಳ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ. ವಿನೆಗರಿನ ಹುಳಿ ವಾಸನೆ ಬರುವ ಫಿಲ್ಮನ್ನು ಉಳಿದವುಗಳಿಂದ ಬೇರೆಯಾಗಿಡಿ.

ಮುದ್ರಣದಲ್ಲಿ ನಿಮ್ಮನ್ನು ಕಾಡುವುದು ಸೆಕೆ. ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿಗೆ ಸಾಮಾನ್ಯವಾಗಿ ಸೂಚಿಸುವ 20 ಡಿಗ್ರಿ ಸೆಲ್ಸಿಯಸ್ ಕಾಸರಗೋಡಿನ ನೀರಿನಲ್ಲಿ ತಾನಾಗಿ ಸಿಗದು; ಆದುದರಿಂದ ಟ್ರೇಯನ್ನು ಮಂಜುಗಡ್ಡೆ ಹಾಕಿದ ದೊಡ್ಡ ಪಾತ್ರೆಯೊಳಗಿಟ್ಟು ತಣಿಸಬೇಕೇ ಹೊರತು, ಮಂಜುಗಡ್ಡೆಯನ್ನು ದ್ರಾವಣಕ್ಕೇ ಹಾಕಿ ಅದನ್ನು ತೆಳುವಾಗಿಸಬಾರದು. ಬಳಿಕ ಡೆವಲಪರಿನ ಕೆಲಸವನ್ನು ನಿಲ್ಲಿಸುವ ಸ್ಟಾಪ್ ಬಾತ್, ಅನಂತರ ಚಿತ್ರವನ್ನು ಸ್ಥಿರಗೊಳಿಸುವ ಹೈಪೊ. ಬೆಳ್ಳಿಯ ಲವಣವನ್ನು ಕರಗಿಸುವ ಹೈಪೊವಿನ ಗುಣವನ್ನು ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಗುರುತಿಸಿದ್ದರು. ಚೆನ್ನಾಗಿ ತೊಳೆಯದೆ ಹೈಪೊ ಕಾಗದದಲ್ಲಿ ಉಳಿದರೆ ಚಿತ್ರ ಹಳದಿಗಟ್ಟುತ್ತದೆ. ನಮ್ಮ ಮನೆಗಳ ಎಷ್ಟೋ ಮದುವೆ ಚಿತ್ರಗಳು ಕೆಟ್ಟದ್ದು ತೊಳೆಯುವಾಗಿನ ಅವಸರದಿಂದಲೇ ಎಂಬುದು ನನ್ನ ಎಣಿಕೆ.

ಎನ್‌ಲಾರ್ಜರಿನ ಬೆಳಕಿಗೆ ಅಂಗೈಯನ್ನು ಅಡ್ಡ ಹಿಡಿದು, ಅದರ ನೆರಳಿನಿಂದ ಚಿತ್ರದಲ್ಲಿನ ಮುಖವನ್ನು ತಿಳಿಗೊಳಿಸುವ ಹದವನ್ನು ಮಾತ್ರ ಬರೆದು ಕಲಿಸಲಾಗದು. ಕತ್ತಲೆಕೋಣೆಯ ಕೆಂಪು ದೀಪದಡಿ ಕೆಲಸ ಮಾಡುವಾಗ ಮೊಬೈಲಿನ ಪರದೆಯ ಬೆಳಕು ಕಾಗದವನ್ನು ಕೆಡಿಸುವುದರಿಂದ, ತಂದೆಯವರ ಕೈಚಲನೆಯನ್ನು ಹಗಲಿನಲ್ಲಿ, ಹಾಳಾದ ಕಾಗದದ ಮೇಲೆ ಮಾಡಿಸಿ ಚಿತ್ರೀಕರಿಸಿಟ್ಟುಕೊಳ್ಳಿ.