ಮೇಷ್ಟ್ರನ್ನು ಕೇಳಿ: ಹಲವು ದೇಶ, ಒಂದು ರಾಕೆಟ್

ಪ್ರಶ್ನೆ: ಮೇಷ್ಟ್ರೇ, ಯುರೋಪಿನ ಏರಿಯಾನ್ ರಾಕೆಟ್ಟನ್ನು ಹಲವು ದೇಶಗಳು ಸೇರಿ ಮಾಡಿದವಂತೆ. ನಮ್ಮ ಕಡೆ ಅಣ್ಣತಮ್ಮಂದಿರು ಸೇರಿ ಒಂದು ಬೋರ್‌ವೆಲ್ ಹಾಕಿಸೋಕೆ ಆಗಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತೆ. ಅಷ್ಟು ದೇಶದವರು ಹೇಗೆ ಸಾಧಿಸಿದರು?
— ಓದುಗರೊಬ್ಬರು, ಮದ್ದೂರು

ಉತ್ತರ: ಮೊದಲ ಸಲ ಅವರಿಗೂ ಆಗಲಿಲ್ಲ. ಏರಿಯಾನ್‌ಗೆ ಮುಂಚೆ ‘ಯುರೋಪಾ’ ಅಂತ ಒಂದು ರಾಕೆಟ್ ಇತ್ತು. ಅದಕ್ಕೆ ಒಪ್ಪಂದವಾದದ್ದು 1962ರಲ್ಲಿ. ಕ್ಷಿಪಣಿಗೆಂದು ಮಾಡಿ ಕೈಬಿಟ್ಟಿದ್ದ ಬ್ಲೂ ಸ್ಟ್ರೀಕನ್ನು ಬ್ರಿಟನ್ ಮೊದಲ ಹಂತವಾಗಿ ಕೊಟ್ಟಿತು. ಅದರ ಮೇಲೆ ಫ್ರಾನ್ಸಿನ ಕೊರಾಲಿ, ಅದರ ಮೇಲೆ ಪಶ್ಚಿಮ ಜರ್ಮನಿಯ ಆಸ್ಟ್ರಿಸ್, ತುದಿಯಲ್ಲಿ ಇಟಲಿಯ ಪರೀಕ್ಷಾ ಉಪಗ್ರಹ. ಬೆಲ್ಜಿಯಂ, ನೆದರ್ಲೆಂಡ್ಸ್ ಕೂಡ ಒಂದೊಂದು ಕೆಲಸ ಹೊತ್ತವು. ಹಾರಿಸುವ ಜಾಗ ಆಸ್ಟ್ರೇಲಿಯಾದ ವೂಮೆರಾ.

1964ರಲ್ಲಿ ಬ್ರಿಟನ್ನಿನ ಹಂತವೊಂದೇ ಹಾರಿತು, ಚೆನ್ನಾಗಿಯೇ ಹಾರಿತು. ಒಂದರ ಮೇಲೊಂದು ಕೂಡಿಸಿದ ಮೇಲೆ ತೊಂದರೆ ಶುರುವಾಯಿತು. 1967ರಲ್ಲಿ ಎರಡು ಸಲವೂ ಫ್ರಾನ್ಸಿನ ಹಂತ ಕೈಕೊಟ್ಟಿತು. 1968 ಮತ್ತು 1969ರಲ್ಲಿ ಜರ್ಮನಿಯದು. 1970ರಲ್ಲಿ ಮೂರೂ ಹಂತ ಉರಿದವು, ಆದರೆ ತುದಿಯ ಕವಚ ಕಳಚಿಕೊಳ್ಳಲಿಲ್ಲ. ಆ ಭಾರ ಹೊತ್ತು ಕಕ್ಷೆ ಮುಟ್ಟಲು ಆಗಲಿಲ್ಲ. 1971ರಲ್ಲಿ ದಕ್ಷಿಣ ಅಮೆರಿಕದ ಕೂರೂವಿನಿಂದ ಹಾರಿಸಿದಾಗ ದಾರಿ ತೋರಿಸುವ ಕಂಪ್ಯೂಟರೇ ನಿಂತುಹೋಯಿತು. ಒಂದೇ ಒಂದು ಉಪಗ್ರಹವನ್ನೂ ಕಕ್ಷೆಗೆ ಸೇರಿಸದೆ ಯುರೋಪಾ ಮುಗಿಯಿತು.

ಅವರಲ್ಲಿ ಜಾಣ ಎಂಜಿನಿಯರುಗಳಿಗೆ ಬರ ಇರಲಿಲ್ಲ. ಪ್ರತಿ ಸರ್ಕಾರವೂ ತನ್ನ ದೇಶದ ಕಂಪನಿಗೆ ಕೆಲಸ ಕೊಟ್ಟು ತಾನೇ ಲೆಕ್ಕ ಕೇಳುತ್ತಿತ್ತು. ಎಲ್ಲವನ್ನೂ ಕೂಡಿಸಬೇಕಾದ ಸಂಸ್ಥೆಗೆ ‘ಇದು ಸರಿಯಿಲ್ಲ, ಬದಲಾಯಿಸಿ’ ಎನ್ನುವ ಅಧಿಕಾರ ತೀರಾ ಕಮ್ಮಿ.

ನಾನು ಮಂಡ್ಯದಲ್ಲಿ ಹುಡುಗರಿಗೆ ಫಿಟ್ಟಿಂಗ್ ಕಲಿಸುತ್ತಿದ್ದವನು. ವಿ-ಫಿಟ್ಟಿಂಗ್ (‘ವಿ’ ಆಕಾರದಲ್ಲಿ ಎರಡು ಲೋಹದ ತುಂಡು ಒಂದಕ್ಕೊಂದು ಕೂರುವ ಹಾಗೆ ಮಾಡುವ ಕೆಲಸ) ಕೊಟ್ಟಾಗ ಒಂದು ತುಂಡನ್ನು ಒಬ್ಬ, ಇನ್ನೊಂದನ್ನು ಮತ್ತೊಬ್ಬ ಅರ ಹಾಕುತ್ತಿದ್ದರು. ಬಿಡಿಬಿಡಿಯಾಗಿ ವರ್ನಿಯರ್ ಇಟ್ಟು ಅಳೆದರೆ ಎರಡೂ ಡ್ರಾಯಿಂಗಿನಲ್ಲಿ ಇದ್ದ ಹಾಗೇ ಇರುತ್ತಿದ್ದವು. ಕೂಡಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು! ಯಾರ ತುಂಡನ್ನು ಇನ್ನಷ್ಟು ಅರ ಹಾಕಬೇಕು ಅಂತ ಹೇಳೋಕೆ ಒಬ್ಬರು ಬೇಕೇ ಬೇಕು. ಯುರೋಪಾಕ್ಕೆ ಆ ಒಬ್ಬರು ಇರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1973ರಲ್ಲಿ ಏರಿಯಾನ್‌ಗೆ ಒಪ್ಪಿಗೆಯಾದಾಗ ಇದನ್ನೇ ಬದಲಾಯಿಸಿದರು. ಖರ್ಚಿನಲ್ಲಿ ನೂರಕ್ಕೆ ಅರುವತ್ತಕ್ಕಿಂತ ಜಾಸ್ತಿ ಫ್ರಾನ್ಸ್ ಹೊತ್ತಿತು. ಖರ್ಚು ಮಿತಿ ಮೀರಿದರೂ ತನ್ನದೇ ಹೊಣೆ ಎಂದಿತು. ಬದಲಿಗೆ ಇಡೀ ರಾಕೆಟ್ಟಿನ ಯಜಮಾನಿಕೆ ಅದರ ಬಾಹ್ಯಾಕಾಶ ಸಂಸ್ಥೆಗೆ ಬಂತು. ಉಳಿದವರನ್ನು ಹೊರಗಿಡಲಿಲ್ಲ. ಎರಡನೇ ಹಂತದ ಜೋಡಣೆ ಜರ್ಮನಿಯಲ್ಲಿ, ತುದಿಯ ಕವಚ ಸ್ವಿಟ್ಜರ್ಲೆಂಡಿನಲ್ಲಿ. 1979ರ ಡಿಸೆಂಬರ್ 24ರಂದು ಮೊದಲ ಏರಿಯಾನ್ ಹಾರಿತು. ಮುಂದಿನ ವರ್ಷ ಎರಡನೆಯದು ಸಮುದ್ರಕ್ಕೆ ಬಿತ್ತು, ಮೊದಲ ಹಂತದ ನಾಲ್ಕು ವೈಕಿಂಗ್ ಎಂಜಿನ್‌ಗಳಲ್ಲಿ ಒಂದರ ಒಳಗೆ ಉರಿ ಹದ ತಪ್ಪಿತ್ತು. ಈ ಸಲ ದೋಷ ಯಾವ ದೇಶದ್ದು ಅಂತ ಜಗಳವಾಡುತ್ತಾ ಕೂರಲಿಲ್ಲ. ಇಂಧನ ಚಿಮ್ಮಿಸುವ ಭಾಗವನ್ನು ತಿದ್ದಿದರು, 1981ರ ಜೂನ್ 19ರಂದು ಮೂರನೆಯದನ್ನು ಹಾರಿಸಿದರು. ಅದರಲ್ಲಿ ನಮ್ಮ ‘ಆಪಲ್’ ಉಪಗ್ರಹವೂ ಇತ್ತು.

ಇನ್ನೊಂದು ಮಾತು ಹೇಳಲೇಬೇಕು. ಅದೇ ವೈಕಿಂಗ್ ಎಂಜಿನ್ ರೂಪಿಸುವಾಗ ನಮ್ಮ ಇಸ್ರೋ ಎಂಜಿನಿಯರುಗಳು ಫ್ರಾನ್ಸಿಗೆ ಹೋಗಿ ದುಡಿದರು. ದುಡ್ಡಿನ ಬದಲು ದುಡಿಮೆ ಕೊಟ್ಟು ತಂತ್ರಜ್ಞಾನ ಪಡೆಯುವ ಒಪ್ಪಂದ ಅದು, 1974ರದ್ದು. ನಂಬಿ ನಾರಾಯಣನ್ ಆ ತಂಡವನ್ನು ನಡೆಸಿದರು. ಅದರಿಂದ ಬಂದದ್ದೇ ವಿಕಾಸ್ ಎಂಜಿನ್. 2023ರಲ್ಲಿ ಚಂದ್ರಯಾನ-3 ಹೊತ್ತ ರಾಕೆಟ್ಟಿನ ನಡುವಣ ಹಂತದಲ್ಲಿ ಎರಡು ವಿಕಾಸ್‌ಗಳಿದ್ದವು.

ಪ್ರಶ್ನೆ: ಆಪಲ್ ಉಪಗ್ರಹವನ್ನು ಎತ್ತಿನ ಗಾಡಿ ಮೇಲೆ ಇಟ್ಟ ಫೋಟೊ ನೋಡಿದ್ದೇನೆ ಸಾರ್. ಲಾರಿಗೂ ದುಡ್ಡಿರಲಿಲ್ವಾ?
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಲ್ಲಮ್ಮ, ದುಡ್ಡಿನ ಮಾತೇ ಅಲ್ಲ. ಉಪಗ್ರಹದ ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ದರೆ ರೇಡಿಯೋ ಅಲೆ ಅದಕ್ಕೆ ತಾಗಿ ವಾಪಸ್ ಬರುತ್ತದೆ, ಅಳತೆ ಕೆಡುತ್ತದೆ. ಲಾರಿಯ ತುಂಬಾ ಕಬ್ಬಿಣ ಅಲ್ವಾ? ಅದಕ್ಕೇ ಮರದ ಗಾಡಿ. ಸುಮ್ನೆ ಬಡತನದ ಗುರುತು ಅಂತ ಆ ಫೋಟೊ ಹಂಚುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಅದು ಕೆಲಸ ಗೊತ್ತಿದ್ದವರ ಲೆಕ್ಕಾಚಾರ. ಮೇಲೆ ಹೋದ ಮೇಲೆ ಒಂದು ಸೌರ ಫಲಕ ಬಿಚ್ಚಿಕೊಳ್ಳಲಿಲ್ಲ, ಆದರೂ ಆಪಲ್ ಎರಡು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿತು.