ಶೀಟಿನ ಮನೆ, ಏಪ್ರಿಲ್ ಬಿಸಿಲು: ಲಿಕ್ವಿಡ್ ಕೂಲರ್‌ಗೆ ದುಡ್ಡು ಹಾಕುವ ಮುಂಚೆ

ಗೋಣಿಕೊಪ್ಪದ ಹತ್ತಿರ ಶೀಟಿನ ಮನೆ, ಕಂಪ್ಯೂಟರಿನಲ್ಲಿ ರೈಜನ್ 5 5600 ಪ್ರೊಸೆಸರ್, ಅದರ ಮೇಲೆ ಕಂಪನಿಯದೇ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಮುಂದುಗಡೆ ಪೂರಾ ಗಾಜಿನ ಕ್ಯಾಬಿನೆಟ್, ಹಿಂದೆ ಒಂದೇ ಫ್ಯಾನ್. ಮಧ್ಯಾಹ್ನ ರೆಂಡರ್‌ಗೆ (ವಿಡಿಯೊ ಅಥವಾ 3ಡಿ ಚಿತ್ರ ತಯಾರಿಸುವ ಭಾರದ ಕೆಲಸ) ಹಾಕಿದರೆ ಫ್ಯಾನ್ ಕೂಗಿಕೊಳ್ಳುತ್ತೆ, ಎರಡು ಸಲ ತಾನಾಗೇ ಆಫ್ ಆಯ್ತು, ಅಂಗಡಿಯವರು ಲಿಕ್ವಿಡ್ ಕೂಲರ್ (ಪ್ರೊಸೆಸರಿನ ಬಿಸಿಯನ್ನು ದ್ರವದ ಮೂಲಕ ಹೊರಹಾಕುವಂಥದ್ದು) ಹಾಕಿಸಿ ಅಂದ್ರು. ಇಷ್ಟು ತಾನೇ ಸರ್ ನಿಮ್ಮ ಪ್ರಶ್ನೆ? ಲಿಕ್ವಿಡ್ ಕೂಲರ್ ಸದ್ಯಕ್ಕೆ ಬೇಡ. ಬಿಸಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗದೆ ಏನು ಕೊಂಡರೂ ದಂಡವೇ.

ಮೊದಲು ಆಫ್ ಆಗುವ ವಿಷಯ. ಈಗಿನ ಪ್ರೊಸೆಸರ್ ಬಿಸಿಯಾದ ತಕ್ಷಣ ಆಫ್ ಆಗೋದಿಲ್ಲ. 5600ಕ್ಕೆ ಮಿತಿ 90 ಡಿಗ್ರಿ. ಅಲ್ಲಿಗೆ ಮುಟ್ಟುತ್ತಿದ್ದ ಹಾಗೆ ತಾನೇ ವೇಗ ಇಳಿಸಿಕೊಳ್ಳುತ್ತೆ, ರೆಂಡರ್ ನಿಧಾನವಾಗುತ್ತೆ, ಅಷ್ಟೇ. ಸ್ವಿಚ್ ತೆಗೆದ ಹಾಗೆ ಪಟ್ಟಂತ ಆಫ್ ಆದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ಅಥವಾ ಯುಪಿಎಸ್ ಮೇಲೆ ಅನುಮಾನ ಪಡಬೇಕು. ಮನೆಬಳಕೆಯ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ನಿಮ್ಮ ಪ್ರೊಸೆಸರ್ 76, ಕಾರ್ಡ್ 170, ಮಿಕ್ಕಿದ್ದು ಮಾನಿಟರ್ ಎಲ್ಲ ಸೇರಿ ಮುನ್ನೂರು ದಾಟುತ್ತೆ. ಪಕ್ಕದ ತೋಟದವರು ಪಂಪ್ ಹಾಕಿ ಬಲ್ಬು ಮಂಕಾದ ಗಳಿಗೆಯಲ್ಲಿ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತೆ, ಬ್ಯಾಟರಿ ಹಳೆಯದಾಗಿದ್ದರೆ ಅಲ್ಲೇ ಕೈಬಿಡುತ್ತೆ. ಇದಕ್ಕೂ ಕೂಲರ್‌ಗೂ ಸಂಬಂಧವೇ ಇಲ್ಲ.

ಈಗ ಪರೀಕ್ಷೆ. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಮಧ್ಯಾಹ್ನದ ಹೊತ್ತಲ್ಲೇ 20 ನಿಮಿಷ ರೆಂಡರ್ ಓಡಿಸಿ ಪ್ರೊಸೆಸರ್ ಮತ್ತು ಕಾರ್ಡ್ ಎರಡರ ಡಿಗ್ರಿಯನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಪಕ್ಕದ ಗಾಜು ತೆಗೆದಿಟ್ಟು ಇನ್ನೊಂದು 15 ನಿಮಿಷ ಓಡಿಸಿ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್‌ಗೆ ಉಸಿರು ಕಟ್ಟಿದೆ ಅಂತ ಅರ್ಥ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕೂಲರ್‌ನಲ್ಲಿ ಧೂಳು, ಇಲ್ಲವೇ ಪ್ರೊಸೆಸರಿಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದೆ. ಡಿಗ್ರಿ ಎಪ್ಪತ್ತೈದರ ಒಳಗಿದ್ದೂ ಆಫ್ ಆದರೆ ಮೇಲೆ ಹೇಳಿದ ಕರೆಂಟಿನ ಕತೆ.

ನಿಮ್ಮದು ಗಾಜಿನ ಮುಖ ಆದ್ದರಿಂದ ಮೊದಲನೆಯದೇ ಇರಬಹುದು. ಮುನ್ನೂರು ವ್ಯಾಟ್ ಅಂದರೆ ಹಳೇ ಕಾಲದ ನೂರರ ಬಲ್ಬು ಮೂರನ್ನು ಒಂದು ಪೆಟ್ಟಿಗೆಯೊಳಗೆ ಉರಿಸಿದ ಹಾಗೆ. ಆ ಬಿಸಿಯನ್ನು ಹೊರಗಿನ ಗಾಳಿಗಿಂತ ಹತ್ತು ಡಿಗ್ರಿ ಹೆಚ್ಚಳದಲ್ಲಿ ಹಿಡಿದಿಡಲು ಗಂಟೆಗೆ ಸುಮಾರು 90 ಘನ ಮೀಟರ್ ಗಾಳಿ ಹಾಯಬೇಕು. 120 ಮಿಮೀ ಫ್ಯಾನಿನ ಡಬ್ಬಿಯ ಮೇಲೆ ಅಷ್ಟು ಬರೆದಿರುತ್ತೆ, ಆದರೆ ಅದು ಬಯಲಲ್ಲಿ ತಿರುಗಿಸಿದ ಲೆಕ್ಕ; ಜಾಲರಿ, ಗಾಜು ಅಡ್ಡ ಬಂದರೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. 

ಹಾಗಾಗಿ ಮುಂದೆ ಎರಡು 120 ಮಿಮೀ ಫ್ಯಾನ್ ಒಳಕ್ಕೆ, ಹಿಂದೆ ಇರುವ ಒಂದು ಹೊರಕ್ಕೆ. ಸಾಕು. ನಾಲ್ಕು ಪಿನ್ನಿನದ್ದು ತಗೊಳ್ಳಿ, ವೇಗ ಹಿಡಿತದಲ್ಲಿರುತ್ತೆ. ಮದರ್‌ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಒಂದು ಕನೆಕ್ಟರ್‌ಗೆ ಸಾಮಾನ್ಯವಾಗಿ 1 ಆಂಪಿಯರ್ ಮಿತಿ. ಫ್ಯಾನಿನ ಸ್ಟಿಕ್ಕರ್ ಮೇಲೆ 0.2, 0.3 ಅಂತಿದ್ದರೆ ಸ್ಪ್ಲಿಟರ್ (ಕವಲೊಡೆದ ವೈರ್) ಹಾಕಿ ಎರಡನ್ನೂ ಒಂದಕ್ಕೇ ಕೊಡಬಹುದು. ದಿಕ್ಕು ತಪ್ಪಿಸುವವರು ಬಹಳ ಜನ. ಅಡ್ಡಕಡ್ಡಿಗಳಿರುವ ಮುಖದಿಂದ ಗಾಳಿ ಹೊರಬೀಳುತ್ತೆ, ಮುಂದಿನ ಎರಡು ಫ್ಯಾನಿನಲ್ಲಿ ಆ ಮುಖ ಕ್ಯಾಬಿನೆಟ್ ಒಳಗೆ ನೋಡಬೇಕು. ಸಂಶಯವಿದ್ದರೆ ಒಂದು ಊದುಬತ್ತಿ ಹಚ್ಚಿ ಮುಂದಿನ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಎಳೆಯಾಗಿ ಒಳಗೆ ಸೆಳೆದುಕೊಂಡರೆ ಸರಿ. ಅಲ್ಲೇ ಸುತ್ತುತ್ತಾ ನಿಂತರೆ ಗಾಜು ಗಾಳಿ ಬಿಡುತ್ತಿಲ್ಲ. ಆಗ ಗಾಜಿನ ಹಿಂದೆ ಒಂದು ಸೆಂಟಿಮೀಟರಿನ ವಾಷರ್ ಕೊಟ್ಟು ಮುಂದಕ್ಕೆ ತನ್ನಿ, ಅಥವಾ ಗಾಜನ್ನೇ ತೆಗೆದು ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ಬಿಗಿಯಿರಿ. ಬಟ್ಟೆ ಬೇಡ, ಅದು ಗಾಳಿಯನ್ನೂ ತಡೆಯುತ್ತೆ. ಮೇಲೆ ಇನ್ನೊಂದು ಫ್ಯಾನ್ ಹಾಕುವುದಾದರೆ ಹಿಂಬದಿಯ ತೂತಿಗೆ ಮಾತ್ರ. ಮುಂಬದಿಗೆ ಹಾಕಿದರೆ ಒಳಬಂದ ತಣ್ಣನೆ ಗಾಳಿ ಕೂಲರ್ ಮುಟ್ಟುವ ಮುಂಚೆಯೇ ಮೇಲೆ ಹಾರಿಹೋಗುತ್ತೆ.

ಧೂಳಿನ ವಿಷಯದಲ್ಲಿ ನಮ್ಮ ಕಡೆಯದು ಸ್ವಲ್ಪ ಬೇರೆ. ಜನವರಿ, ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗಿಸುವಾಗ ಏಳುವ ಪುಡಿ, ರಸ್ತೆಯ ಕೆಂಪು ಮಣ್ಣು ಒಳಗೆ ಕೂರುತ್ತೆ. ಮಳೆಗಾಲದ ತೇವಕ್ಕೆ ಅದೇ ಅಂಟಾಗುತ್ತೆ. ಕೂಲರ್‌ನ ಮೇಲಿಂದ ನೋಡಿದರೆ ಫ್ಯಾನಿನ ರೆಕ್ಕೆಗಳು ಚೊಕ್ಕವಾಗಿಯೇ ಕಾಣುತ್ತವೆ. ಫ್ಯಾನ್ ಬಿಚ್ಚಿ ನೋಡಿ, ಫ್ಯಾನಿಗೂ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳಿಗೂ ನಡುವೆ ಕಂಬಳಿಯ ತುಂಡಿನ ಹಾಗೆ ಬೂದುಬಣ್ಣದ ಪದರ ಕೂತಿರುತ್ತೆ. ಊದಿದರೆ ಅದು ಹೋಗಲ್ಲ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಎಬ್ಬಿಸಿ ಆಮೇಲೆ ಬ್ಲೋವರ್ ಹಿಡಿಯಿರಿ, ಒಂದಡಿ ದೂರದಿಂದ, ಪ್ಲಗ್ ಕಿತ್ತು, ವರಾಂಡದಲ್ಲಿ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಿ. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ, ಜನರೇಟರಿನ ಹಾಗೆ ಬೋರ್ಡಿಗೆ ಕರೆಂಟೂ ತಳ್ಳಬಹುದು. ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ, ಅದರಲ್ಲಿ ನೀರೂ ಎಣ್ಣೆಯೂ ಬರುತ್ತೆ.

ಪೇಸ್ಟ್ ಬದಲಾಯಿಸುವುದಾದರೆ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಬಿಚ್ಚಿ. ತಣ್ಣಗಿರುವಾಗ ಎಳೆದರೆ ಗಟ್ಟಿಯಾದ ಪೇಸ್ಟ್ ಪ್ರೊಸೆಸರನ್ನೇ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತೆ, ಪಿನ್ ಬಾಗುತ್ತೆ. ನಿಮ್ಮ ಕೂಲರ್‌ಗೆ ನಾಲ್ಕು ಸ್ಕ್ರೂ. ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿನ ಪ್ಲೇಟ್ ಕೆಳಗೆ ಬೀಳುತ್ತೆ, ಹಿಂದಿನಿಂದ ಒಂದು ಕೈ ಕೊಟ್ಟಿರಿ. ಕೂಲರನ್ನು ಮೆಲ್ಲಗೆ ಆಚೆ ಈಚೆ ತಿರುಚಿ ಎತ್ತಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸದು ನಡುವಿಗೆ ಒಂದು ಒಳ್ಳೆಮೆಣಸಿನ ಕಾಳಿನಷ್ಟು. ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡು ಸುತ್ತು ಬಿಗಿಯುತ್ತಾ ಹೋಗಿ.

ಇಷ್ಟಾದ ಮೇಲೂ ಪ್ರೊಸೆಸರ್ 85ರ ಮೇಲೇ ನಿಂತರೆ ಎರಡು ಸಾವಿರದ ಆಸುಪಾಸಿನ, ನಾಲ್ಕು ಹೀಟ್‌ಪೈಪಿನ (ಬಿಸಿ ಸಾಗಿಸುವ ಕೊಳವೆ) ಟವರ್ ಕೂಲರ್ ತಗೊಳ್ಳಿ. ಎತ್ತರ ಸುಮಾರು 150 ಮಿಮೀ ಇರುತ್ತೆ, ಪಕ್ಕದ ಗಾಜು ಮುಚ್ಚುತ್ತೋ ಇಲ್ಲವೋ ಮೊದಲು ಅಳೆದುಕೊಳ್ಳಿ. ಅದಕ್ಕೂ ಮುಂಚೆ ಖರ್ಚಿಲ್ಲದ ಎರಡು ಉಪಾಯ: ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಪ್ರೊಸೆಸರಿನ ವ್ಯಾಟ್ ತಗ್ಗಿಸುವ ಇಕೋ ಮೋಡ್ ಹಾಕಿ, ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರಿನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ. ಕಾರ್ಡಿನ 170 ವ್ಯಾಟ್ 136 ಆಗುತ್ತೆ, ರೆಂಡರ್ ನಿಧಾನವಾಗುವುದು ಸ್ವಲ್ಪ ಮಾತ್ರ.

ಕೋಣೆಯದು ಒಂದು ಮಾತು. ಯಾವ ಫ್ಯಾನೂ ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ ಐದು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಮ್ಮಿ ಐದು ಏರುತ್ತೆ. ಶೀಟಿನ ಕೆಳಗೆ ಸೀಲಿಂಗ್ ಫ್ಯಾನ್ ಹಾಕಿದರೆ ಮೇಲಿನ ಕಾದ ಗಾಳಿಯನ್ನೇ ಕೆಳಗಿಳಿಸುತ್ತೆ. ಅದರ ಬದಲು ಗೋಡೆಯ ಮೇಲ್ಭಾಗಕ್ಕೊಂದು ಎಕ್ಸಾಸ್ಟ್ ಹಾಕಿ, ಕ್ಯಾಬಿನೆಟ್ಟನ್ನು ಟೇಬಲ್ಲಿನ ಗೂಡಿನಿಂದ ಹೊರಗೆ ತಂದು ಗೋಡೆಯಿಂದ ಅರ್ಧ ಅಡಿ ಬಿಟ್ಟು ಸ್ಟೂಲ್ ಮೇಲಿಡಿ. ಎಸ್‌ಎಂಪಿಎಸ್ ಗಾಳಿ ಎಳೆಯೋದು ತಳದಿಂದ, ನೆಲದ ಧೂಳೆಲ್ಲ ಅದಕ್ಕೇ. ಕೋಣೆಗೆ ಇಡುವ ನೀರಿನ ಏರ್ ಕೂಲರನ್ನು ಮಾತ್ರ ಕಂಪ್ಯೂಟರಿನ ಕಡೆ ತಿರುಗಿಸಬೇಡಿ ಮಾರಾಯ್ರೆ, ತೇವಕ್ಕೆ ಜೂನ್ ಬಂದೇ ಬರುತ್ತೆ.

ಗಾಜು ಹಾಕಿ, ಗಾಜು ತೆಗೆದು, ಎರಡು ಸಲದ ಡಿಗ್ರಿಯನ್ನೂ ಯುಪಿಎಸ್ ಎಷ್ಟು ವಿಎ, ಬ್ಯಾಟರಿ ಎಷ್ಟು ವರ್ಷದ್ದು ಅನ್ನೋದನ್ನೂ ಇಲ್ಲೇ ಹಾಕಿ. ಗುಡುಗು ಕೇಳಿದರೆ ಪರೀಕ್ಷೆ ಅರ್ಧಕ್ಕೇ ಬಿಟ್ಟು ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ.