ಬೀಗ ಹಾಕಿದರೆ ಉಳಿದೀತೆ?

ಪತ್ರ: ಲಂಡನ್ನಿನ ಬ್ರಿಕ್ ಲೇನ್‌ನ 1743ರ ಚರ್ಚ್ ಈಗ ಮಸೀದಿಯಾಗಿದೆ ಎಂದು ಓದಿ ಬೇಸರವಾಯಿತು. ಬೀಗ ಹಾಕಿ ಮ್ಯೂಸಿಯಂ ಆಗಿ ಉಳಿಸಬಹುದಿತ್ತಲ್ಲವೆ? ನಮ್ಮೂರಿನ ಹಳೆಯ ಚರ್ಚಿಗೂ ಈಗ ಸಿಮೆಂಟ್ ಮೆತ್ತಿ ರಿಪೇರಿ ನಡೆದಿದೆ. (ಶಿರಸಿಯ ಓದುಗರೊಬ್ಬರು)

ಉತ್ತರ: ಒಳಗಿನ ಹಳೆಯ ಸಜ್ಜು ಹೋದದ್ದು ನಷ್ಟವೇ, ಒಪ್ಪಿದೆ. ಆದರೆ ಸ್ವಾಮಿ, 1976ರಲ್ಲಿ ಅದು ಮಸೀದಿಯಾದಾಗ ಕೈಬದಲಾದದ್ದು ಚರ್ಚ್ ಅಲ್ಲ, ಯೆಹೂದಿಗಳ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್! ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ರೇಷ್ಮೆ ನೇಕಾರರಿಗಾಗಿ ಎದ್ದ ಕಟ್ಟಡ ಅದು. ಅವರ ಮೊಮ್ಮಕ್ಕಳು ಇಂಗ್ಲಿಷರೊಳಗೆ ಕರಗಿದರು. 1809ರಲ್ಲಿ ಯೆಹೂದಿಗಳನ್ನು ಕ್ರೈಸ್ತರನ್ನಾಗಿಸುವ ಸಂಘವೊಂದು ಬಂತು, ಬೇಳೆ ಬೇಯಲಿಲ್ಲ. 1819ರಲ್ಲಿ ಮೆಥಡಿಸ್ಟರು (ಪ್ರಾಟೆಸ್ಟೆಂಟರದೇ ಇನ್ನೊಂದು ಪಂಗಡ) ಬಂದರು. 1898ರಲ್ಲಿ ರಷ್ಯಾ ಕಡೆಯಿಂದ ಬಂದ ಯೆಹೂದಿಗಳೇ ಅಲ್ಲಿ ಪ್ರಾರ್ಥನೆಗೆ ನಿಂತರು. ಅವರು ಉತ್ತರ ಲಂಡನ್ನಿಗೆ ಸರಿದ ಮೇಲೆ ಬಾಂಗ್ಲಾದೇಶದ ಸಿಲ್ಹೆಟ್‌ನ ಮುಸ್ಲಿಂ ಬಂಗಾಳಿಗಳು ಬಂದರು.

ಒಂದೇ ಕಟ್ಟಡ ಇಷ್ಟು ಜನಕ್ಕೆ ಒಗ್ಗಿದ್ದು ಹೇಗೆ? ಅದು ಮೂರ್ತಿಯಿಲ್ಲದ, ಬರೀ ಉಪದೇಶ ಕೇಳಲು ಕಟ್ಟಿದ ಹಜಾರ. ಯೆಹೂದಿಗಳಾಗಲಿ ಮುಸ್ಲಿಮರಾಗಲಿ ಕಿತ್ತೆಸೆಯಬೇಕಾದ ವಿಗ್ರಹವೇ ಇರಲಿಲ್ಲ. ಯೆಹೂದಿಗಳು ಮುಖ ಮಾಡಿ ಪ್ರಾರ್ಥಿಸುವ ಜೆರುಸಲೇಮ್ ಲಂಡನ್ನಿನಿಂದ ಆಗ್ನೇಯಕ್ಕೆ, ಮುಸ್ಲಿಮರು ಮುಖ ಮಾಡುವ ಮೆಕ್ಕಾ ಕೂಡ ಆಗ್ನೇಯಕ್ಕೇ. ಗೋಡೆಯ ನೆರಳು ಗಡಿಯಾರದಲ್ಲಿ ನೇಕಾರರ ಕಾಲದ ಲ್ಯಾಟಿನ್ ಮಾತು, ‘ನಾವು ನೆರಳು’, ಇವತ್ತಿಗೂ ಇದೆ. ಯಾರೂ ಕೆರೆದು ಹಾಕಲಿಲ್ಲ.

ಬೀಗ ಹಾಕಿದ್ದರೆ ಆಗುವುದೇನೆಂದು ಹಳೆಯ ಮನೆ ನೋಡಿಕೊಂಡವರಿಗೆ ಗೊತ್ತು. ಮೊದಲು ಮಾಡಿನ ಮಳೆನೀರು ಹರಿಯುವ ದೋಣಿಯಲ್ಲಿ ತರಗೆಲೆ ಕಟ್ಟುತ್ತದೆ. ನೀರು ಉಕ್ಕಿ ಗೋಡೆಯ ತಲೆಗೆ ಇಳಿಯುತ್ತದೆ. ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕಂಡ ದಿನ ಮಾಡೇ ಬಾಗಿರುತ್ತದೆ. ವಾರವಾರ ಜನ ಸೇರುವ ಕಡೆ ಮೊದಲ ಸೋರಿಕೆಗೇ ಯಾರೋ ಏಣಿ ತರುತ್ತಾರೆ.

ಹಾಸನದ ಶೆಟ್ಟಿಹಳ್ಳಿ ಚರ್ಚನ್ನೇ ನೋಡಿ. ಹೇಮಾವತಿ ಹಿನ್ನೀರು ಊರನ್ನು ಎಬ್ಬಿಸಿತು, ಸಭೆ ಚದುರಿತು. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಮಾಡು ಹೋದ ಮೇಲೆ ಯಾವ ಗಾರೆ ತಡೆದೀತು? ಫೋಟೋ ತೆಗೆಯಲು ಮಾತ್ರ ಜನಕ್ಕೆ ಬರವಿಲ್ಲ.

ನಿಮಗೆ ಸಿಟ್ಟು ಬರಬೇಕಾದ್ದು ಶಿರಸಿಯ ಆ ಸಿಮೆಂಟಿನ ಮೇಲೆ. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ತುಂಬಿದ ಸಂದು ಮೆತ್ತಗಿದ್ದು ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಮುಚ್ಚುತ್ತದೆ. ತೇವ ಇಟ್ಟಿಗೆಯ ಮೈಯಿಂದಲೇ ಹೊರಡಬೇಕಾಗಿ, ಅದರೊಂದಿಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಪುಡಿಯಾಗುತ್ತದೆ. ಸಂದನ್ನು ಅಗಲದ ಎರಡರಷ್ಟು ಆಳ ಕೆರೆದು, ನೀರುಣಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತುಂಬಿಸಲಿ. ಒದ್ದೆ ಗೋಣಿಚೀಲ ಹೊದಿಸಿ ವಾರವಾದರೂ ಕಾಯಲಿ. ಕಂಟ್ರಾಕ್ಟರಿಗೆ ಕಾಯುವಷ್ಟು ಪುರುಸೊತ್ತಿಲ್ಲ. ಸಮಿತಿಯವರಿಗೆ ಉದ್ಘಾಟನೆಯ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ.